ನೊಣ ಹಿಡಿಯುವ ಗಿಡಗಳ ತ್ರೈಮಾಸಿಕ

ಹಳೆಯ ಸಂಚಿಕೆಗಳಲ್ಲಿ ಒಂದು ಪುಟ್ಟ ಅಂಕಣವಿರುತ್ತಿತ್ತು. ಓದುಗರ ಹೆಸರು, ಅಂಚೆ ವಿಳಾಸ, ಅದರ ಕೆಳಗೆ ಗಿಡಗಳ ಪಟ್ಟಿ, ಪಟ್ಟಿಯ ಪಕ್ಕದಲ್ಲಿ ಒಂದೋ ಎರಡೋ ಇಂಗ್ಲಿಷ್ ಅಕ್ಷರ. ‘ಎಸ್’ ಎಂದಿದ್ದರೆ ಮಾರಾಟಕ್ಕಿದೆ. ‘ಡಬ್ಲ್ಯೂ’ ಎಂದಿದ್ದರೆ ಗಿಡವೋ ಬೀಜವೋ ಬೇಕಾಗಿದೆ. ‘ಡಬ್ಲ್ಯೂಬಿ’ ಎಂದರೆ ದುಡ್ಡು ಕೊಟ್ಟು ಕೊಳ್ಳಲು ತಯಾರು. ‘ಟಿ’ ಎಂದರೆ ನಿನ್ನದನ್ನು ಕೊಡು, ನನ್ನದನ್ನು ತೆಗೆದುಕೋ. ಒಂದು ಊರಿನಲ್ಲಿ ಒಬ್ಬರೇ ಒಬ್ಬರಿಗೆ ಇರುವಂಥ ಹುಚ್ಚು, ಇನ್ನೊಂದು ಊರಿನ ಅಂಥದೇ ಒಬ್ಬ ಒಂಟಿ ಹುಚ್ಚರಿಗೆ ಪತ್ರ ಬರೆಯುತ್ತಿದ್ದ ಜಾಗ ಅದು. ಆ ಪುಟಗಳನ್ನು ತಿರುವಿ ಹಾಕುವಾಗ ನನಗೆ ಲೇಖನಗಳಿಗಿಂತ ಮೊದಲು ಈ ಅಕ್ಷರಗಳ ಮೇಲೆಯೇ ಕಣ್ಣು ನಿಲ್ಲುತ್ತದೆ.

ಪತ್ರಿಕೆಯ ಹೆಸರು ‘ಕಾರ್ನಿವೋರಸ್ ಪ್ಲಾಂಟ್ ನ್ಯೂಸ್‌ಲೆಟರ್’. ಬಲ್ಲವರ ಬಾಯಲ್ಲಿ ಬರೀ ‘ಸಿಪಿಎನ್’. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ನಾವೆಲ್ಲ ಒಂದೇ ಒಂದು ಪ್ಯಾರಾದಲ್ಲಿ ಓದಿ ಮುಗಿಸಿದ ಕೀಟಾಹಾರಿ ಸಸ್ಯಗಳಿಗೆ ಮಾತ್ರ ಮೀಸಲಾದ ತ್ರೈಮಾಸಿಕ ಇದು. ಹೂಜಿ ಗಿಡ, ಡ್ರಾಸಿರಾ, ವೀನಸ್ ಫ್ಲೈಟ್ರ್ಯಾಪ್, ಯುಟ್ರಿಕ್ಯುಲೇರಿಯಾ ಇಂಥವೇ ಅದರ ಜಗತ್ತು. 1972ರಲ್ಲಿ ಅಮೆರಿಕದಲ್ಲಿ ಇದನ್ನು ಶುರು ಮಾಡಿದವರು ಇಬ್ಬರು: ಡಾನ್ ಶ್ನೆಲ್ ಮತ್ತು ಜೋ ಮಜ್ರಿಮಾಸ್. ಇಬ್ಬರೂ ಸಸ್ಯಶಾಸ್ತ್ರದ ಪ್ರಾಧ್ಯಾಪಕರಲ್ಲ. ಶ್ನೆಲ್ ವೈದ್ಯರು, ರೋಗನಿದಾನದ ಪೆಥಾಲಜಿ ಅವರ ಕಸುಬು. ಮಜ್ರಿಮಾಸ್ ಕ್ಯಾಲಿಫೋರ್ನಿಯಾದ ಲಿವರ್ಮೋರ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದವರು. ಹಗಲು ಒಂದು ಕೆಲಸ, ಸಂಜೆ ಈ ಗಿಡಗಳು. ಟೈಪ್ ಮಾಡಿದ ಹಾಳೆಗಳಾಗಿ ಬೆರಳೆಣಿಕೆಯ ಜನರಿಗೆ ಅಂಚೆಯಲ್ಲಿ ಹೋಗುತ್ತಿದ್ದ ಪತ್ರಿಕೆಗೆ ಮುಂದೆ ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾಲಯದ ಫುಲ್ಲರ್ಟನ್ ಸಸ್ಯೋದ್ಯಾನ ಆಸರೆಯಾಯಿತು. ಅಲ್ಲಿನ ಲಿಯೋ ಸಾಂಗ್ ಮತ್ತು ಪ್ಯಾಟ್ ಹ್ಯಾನ್ಸೆನ್ ಸಂಪಾದಕ ಬಳಗಕ್ಕೆ ಸೇರಿದರು. ಪತ್ರಿಕೆಯ ಸುತ್ತ ‘ಇಂಟರ್‌ನ್ಯಾಷನಲ್ ಕಾರ್ನಿವೋರಸ್ ಪ್ಲಾಂಟ್ ಸೊಸೈಟಿ’ ಎಂಬ ಸಂಘ ಬೆಳೆಯಿತು. ಸಾಮಾನ್ಯವಾಗಿ ಸಂಘ ಮೊದಲು, ಅದರ ಮುಖವಾಣಿ ಆಮೇಲೆ. ಇಲ್ಲಿ ಪತ್ರಿಕೆಯೇ ತಾಯಿ.

ಈ ಪತ್ರಿಕೆಯನ್ನು ನಾನು ಹುಡುಕಿಕೊಂಡು ಹೋದದ್ದು ಒಂದು ಗಿಡ ಸತ್ತ ಮೇಲೆ. ಬೆಂಗಳೂರಿನ ಒಂದು ನರ್ಸರಿಯಿಂದ ಫ್ಲೈಟ್ರ್ಯಾಪ್ ಕುಂಡ ತಂದಿದ್ದೆ. ಅಂಗೈಯಗಲದ ಗಿಡ, ಎಲೆಯ ತುದಿಯಲ್ಲಿ ಹಲ್ಲುಹಲ್ಲಾದ ಎರಡು ಹಾಲೆ. ಎಲ್ಲ ಗಿಡಕ್ಕೂ ಮಾಡುವಂತೆ ಇದಕ್ಕೂ ಮಾಡಿದೆ: ಬುಡಕ್ಕೆ ಎರೆಗೊಬ್ಬರ, ದಿನಾ ಬೆಳಿಗ್ಗೆ ಬೋರ್‌ವೆಲ್ ನೀರು, ಬಿಸಿಲು ತಾಕೀತೆಂದು ಒಳಮನೆಯ ನೆರಳು. ಎರಡು ತಿಂಗಳಿಗೆ ಎಲೆಗಳು ಒಂದೊಂದಾಗಿ ಕರ್ರಗಾದವು. ಕೊಂಡಾಗ ಯಾರೂ ಏನೂ ಹೇಳಿರಲಿಲ್ಲ. ಸಿಪಿಎನ್‌ನ ಹಳೆಯ ಸಂಚಿಕೆಗಳನ್ನು ಯಾರು ಬೇಕಾದರೂ ಓದಬಹುದು ಎಂದು ಗೊತ್ತಾಗಿ ತೆರೆದು ಕೂತಾಗ, ನಾನು ಪ್ರೀತಿಯಿಂದ ಮಾಡಿದ ಮೂರು ಕೆಲಸವೂ ಆ ಗಿಡಕ್ಕೆ ವಿಷವಾಗಿತ್ತು ಎಂದು ತಿಳಿಯಿತು.

ಈ ಗಿಡಗಳು ಬೆಳೆಯುವುದು ಸಾರವಿಲ್ಲದ ನೆಲದಲ್ಲಿ. ನೀರು ನಿಂತ ಜೌಗು, ಮಳೆ ತೊಳೆದುಹಾಕಿದ ಮರಳು, ಬರೀ ಬಂಡೆಯ ಮೇಲಿನ ಒಂದಿಂಚು ಮಣ್ಣು. ಅಲ್ಲಿ ಸಾರಜನಕ, ರಂಜಕ ಸಿಗುವುದಿಲ್ಲ. ಬೇರಿನಿಂದ ಸಿಗದ್ದನ್ನು ಎಲೆಯಿಂದ ಗಳಿಸಲು ಕಲಿತ ಗಿಡಗಳಿವು. ಹೊಟ್ಟೆಪಾಡಿಗೆ ಬೇಕಾದ ಸಕ್ಕರೆಯನ್ನು ಎಲ್ಲ ಹಸಿರು ಗಿಡಗಳ ಹಾಗೆ ಬಿಸಿಲಿನಿಂದಲೇ ಮಾಡಿಕೊಳ್ಳುತ್ತವೆ. ಆದ್ದರಿಂದ ನೆರಳಲ್ಲಿಟ್ಟರೆ ಸೊರಗುತ್ತವೆ. ನೊಣ, ಇರುವೆ ಅವುಗಳಿಗೆ ಊಟವಲ್ಲ, ಗೊಬ್ಬರ. ಇಂಥ ಬೇರಿಗೆ ಮಣ್ಣಿನಲ್ಲಿ ಗೊಬ್ಬರ ಹಾಕಿದರೆ, ಗಡಸು ನೀರು ಹೊಯ್ದು ಲವಣ ಕಟ್ಟಿಸಿದರೆ ಅದು ಸುಟ್ಟಂತೆಯೇ. ಮಳೆನೀರು ಹಿಡಿದಿಟ್ಟುಕೊಳ್ಳಿ, ಇಲ್ಲವೇ ಬಟ್ಟಿ ಇಳಿಸಿದ ನೀರು ಕೊಡಿ, ಬಿಸಿಲಿಗಿಡಿ, ಗೊಬ್ಬರ ಮುಟ್ಟಿಸಬೇಡಿ. ಪತ್ರಿಕೆಯ ಬೇಸಾಯದ ಲೇಖನಗಳು ಇದನ್ನು ಬೇರೆಬೇರೆ ಊರಿನ, ಬೇರೆಬೇರೆ ಹವೆಯ ಅನುಭವದಿಂದ ಮತ್ತೆ ಮತ್ತೆ ಹೇಳುತ್ತ ಬಂದಿವೆ. ಯಾವ ಪಾಚಿಯಲ್ಲಿ ನೆಟ್ಟರು, ಬೀಜ ಮೊಳೆಯಲು ಎಷ್ಟು ವಾರ ಹಿಡಿಯಿತು, ಎಲ್ಲಿ ಸೋತರು ಎಂದು ಅಡಿಗೆಯ ಬಗ್ಗೆ ಅಕ್ಕತಂಗಿಯರು ಮಾತಾಡಿಕೊಂಡಷ್ಟು ವಿವರವಾಗಿ ಬರೆಯುತ್ತಾರೆ.

ಇದರ ಪಕ್ಕದ ಪುಟದಲ್ಲೇ ಒಬ್ಬ ಸಸ್ಯಶಾಸ್ತ್ರಜ್ಞರು ಹೊಸ ಪ್ರಭೇದವೊಂದನ್ನು ಲ್ಯಾಟಿನ್ ಹೆಸರಿನೊಂದಿಗೆ ಮೊದಲ ಬಾರಿ ಲೋಕಕ್ಕೆ ಪರಿಚಯಿಸುತ್ತಿರಬಹುದು. ಈ ಎರಡೂ ಒಂದೇ ಹೊದಿಕೆಯ ಒಳಗೆ ಇರುವುದೇ ಸಿಪಿಎನ್‌ನ ದೊಡ್ಡತನ ಎಂದು ನನಗನಿಸುತ್ತದೆ. ವಿದ್ವತ್ ಪತ್ರಿಕೆಗಳು ಹವ್ಯಾಸಿಗಳನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ. ತೋಟಗಾರಿಕೆಯ ಪತ್ರಿಕೆಗಳು ಪ್ರಭೇದ, ಉಪಪ್ರಭೇದದ ಮಾತು ಬಂದರೆ ಪುಟ ತಿರುಗಿಸುತ್ತವೆ. ಇಲ್ಲಿ ಮಾತ್ರ ಇಬ್ಬರೂ ಒಂದೇ ಜಗಲಿಯಲ್ಲಿ ಕೂತಿದ್ದಾರೆ. ಐವತ್ತು ವರ್ಷ ದಾಟಿದರೂ, ವರ್ಣಚಿತ್ರಗಳ ನಯವಾದ ಹಾಳೆಗೆ ಬಂದರೂ, ತನ್ನನ್ನು ‘ನ್ಯೂಸ್‌ಲೆಟರ್’ ಎಂದೇ ಕರೆದುಕೊಳ್ಳುವ ಈ ಪತ್ರಿಕೆ ಆ ಹೆಸರನ್ನು ಬಿಡದಿರುವುದು ಸರಿಯಾಗಿಯೇ ಇದೆ.

ಈ ವಿದ್ಯೆ ಹುಟ್ಟಿದ್ದೂ ಹಾಗೆಯೇ, ಒಂದು ಮನೆಯಲ್ಲಿ. 1860ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನ ಬಯಲೊಂದರಲ್ಲಿ ಅಡ್ಡಾಡುತ್ತಿದ್ದ ಚಾರ್ಲ್ಸ್ ಡಾರ್ವಿನ್ ಡ್ರಾಸಿರಾ ಎಲೆಗಳಿಗೆ ಅಂಟಿಕೊಂಡ ಹುಳಗಳ ಸಂಖ್ಯೆ ಕಂಡು ಬೆರಗಾದರು. ಕೆಲವು ಗಿಡ ಕಿತ್ತು ತಂದು ಮನೆಯಲ್ಲಿಟ್ಟರು. ಎಲೆಗೆ ಮಾಂಸದ ಚೂರು, ಬೆಂದ ಮೊಟ್ಟೆಯ ಬಿಳಿ, ಗಾಜಿನ ಪುಡಿ, ಕೂದಲಿನ ತುಣುಕು ಇಟ್ಟಿಟ್ಟು ನೋಡಿದರು. ಒಂದು ಮಿಲಿಗ್ರಾಮಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ತೂಕದ ಕೂದಲ ಚೂರಿಗೂ ಎಲೆಯ ಅಂಟುಕೂದಲು ಬಾಗಿದ್ದನ್ನು ಬರೆದಿಟ್ಟರು. ‘ಪ್ರಭೇದಗಳ ಉಗಮ’ ಹೊರಬಂದು ಒಂದು ವರ್ಷವಷ್ಟೇ ಆಗಿದ್ದ ಕಾಲದಲ್ಲಿ, ಜಗತ್ತಿನ ಎಲ್ಲ ಪ್ರಭೇದಗಳ ಉಗಮಕ್ಕಿಂತ ಈ ಗಿಡದ ಚಿಂತೆಯೇ ತನಗೆ ಹೆಚ್ಚಾಗಿದೆ ಎಂಬ ಅರ್ಥದಲ್ಲಿ ಗೆಳೆಯ ಲೈಯೆಲ್‌ಗೆ ಕಾಗದ ಬರೆದರು. ಹದಿನೈದು ವರ್ಷಗಳ ನಂತರ, 1875ರಲ್ಲಿ, ‘ಇನ್ಸೆಕ್ಟಿವೋರಸ್ ಪ್ಲಾಂಟ್ಸ್’ ಪ್ರಕಟವಾಯಿತು. ಗಿಡವೊಂದು ಪ್ರಾಣಿಯನ್ನು ಹಿಡಿದು ಜೀರ್ಣಿಸಿಕೊಳ್ಳುತ್ತದೆ ಎಂಬುದನ್ನು ಒಪ್ಪಲು ಹಿಂಜರಿಯುತ್ತಿದ್ದ ವಿದ್ವಾಂಸರ ಲೋಕಕ್ಕೆ ಅದು ಗಟ್ಟಿ ಉತ್ತರ. ಡಾರ್ವಿನ್ ಬಳಸಿದ ಸಲಕರಣೆ ಏನು? ತಟ್ಟೆ, ಲೋಟ, ಭೂತಗನ್ನಡಿ, ಮುಗಿಯದ ತಾಳ್ಮೆ. ಇಂದಿಗೂ ಸಿಪಿಎನ್‌ಗೆ ಬರೆಯುವ ಹಲವರ ಬಳಿ ಇರುವುದು ಅದೇ.

ಪತ್ರಿಕೆಯ ಇನ್ನೊಂದು ಅಂಕಣ ‘ಲಿಟರೇಚರ್ ರಿವ್ಯೂ’. ಬೇರೆಡೆ ಪ್ರಕಟವಾದ ಸಂಶೋಧನಾ ಪ್ರಬಂಧಗಳನ್ನು ಹುಡುಕಿ ಓದಿ, ನಾಲ್ಕಾರು ಸಾಲಿನಲ್ಲಿ ತಿರುಳು ತೆಗೆದು, ಒಪ್ಪದಿದ್ದರೆ ಒಪ್ಪುವುದಿಲ್ಲ ಎಂದು ಬರೆದು, ಕೆಳಗೆ ಇನಿಷಿಯಲ್ ಹಾಕುತ್ತಿದ್ದರು. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕಾಲಿಡಲಾಗದ ಒಬ್ಬ ಹವ್ಯಾಸಿಗೆ ಆ ಕಾಲದಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇರಲಿಲ್ಲ. ಈ ಗಿಡಗಳ ಬಗ್ಗೆ ಬರುವ ಸುದ್ದಿಯಂತೂ ನಿಂತಿಲ್ಲ. ಬೋರ್ನಿಯೋದ ಬೆಟ್ಟದ ನೆಪೆಂಥಿಸ್ ಲೋವಿಯೈ ಎಂಬ ಹೂಜಿ ಗಿಡ ಬೆಳೆದ ಮೇಲೆ ಹುಳ ಹಿಡಿಯುವ ಗೋಜಿಗೆ ಹೆಚ್ಚು ಹೋಗುವುದಿಲ್ಲ; ಅಳಿಲಿನಂಥ ಪುಟ್ಟ ಪ್ರಾಣಿಯೊಂದು ಹೂಜಿಯ ಮುಚ್ಚಳದ ಸಿಹಿ ನೆಕ್ಕುತ್ತ ಅದರೊಳಗೇ ಹಿಕ್ಕೆ ಹಾಕುತ್ತದೆ, ಗಿಡಕ್ಕೆ ಅದೇ ಗೊಬ್ಬರ ಎಂದು 2009ರಲ್ಲಿ ತೋರಿಸಿದರು. ಫ್ಲೈಟ್ರ್ಯಾಪ್ ಎಣಿಸಬಲ್ಲದು: ಒಳಗಿನ ಸೂಕ್ಷ್ಮ ಕೂದಲನ್ನು ಒಮ್ಮೆ ಮುಟ್ಟಿದರೆ ಸುಮ್ಮನಿರುತ್ತದೆ, ಇಪ್ಪತ್ತು ಸೆಕೆಂಡಿನೊಳಗೆ ಎರಡನೇ ಸಲ ಮುಟ್ಟಿದರೆ ಕಣ್ಣೆವೆ ಮುಚ್ಚುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ, ಸಿಕ್ಕಿದ ಹುಳ ಒದ್ದಾಡಿ ಇನ್ನೂ ಕೆಲವು ಬಾರಿ ತಗುಲಿದ ಮೇಲಷ್ಟೇ ಜೀರ್ಣರಸಕ್ಕೆ ಖರ್ಚು ಮಾಡುತ್ತದೆ. ಮಳೆಹನಿಗೆ, ಒಣ ಎಲೆಗೆ ಮೋಸಹೋಗದಿರಲು ಅದು ಕಂಡುಕೊಂಡ ಲೆಕ್ಕ.

ಪತ್ರಿಕೆಗೆ ಒಂದು ಕಟ್ಟುನಿಟ್ಟಿನ ಜವಾಬ್ದಾರಿಯೂ ಇದೆ. ಬೆಳೆಗಾರರು ಆರಿಸಿ, ಬೇರ್ಪಡಿಸಿ ಉಳಿಸಿಕೊಂಡ ಕೀಟಾಹಾರಿ ತಳಿಗಳ ಹೆಸರುಗಳಿಗೆ ಅಂತಾರಾಷ್ಟ್ರೀಯ ನೋಂದಣಿ ಪ್ರಾಧಿಕಾರ ಈ ಸಂಘವೇ. ನಮ್ಮಲ್ಲಿ ಮಾವಿಗೆ ಬಾದಾಮಿ, ರಸಪೂರಿ, ಮಲಗೋವಾ ಎಂದು ಹೆಸರು ಬಂದದ್ದು ಜನರ ನಾಲಿಗೆಯಿಂದ. ಇಲ್ಲಿ ಹಾಗಲ್ಲ. ಗಿಡ ಉಳಿದವುಗಳಿಗಿಂತ ಹೇಗೆ ಬೇರೆ ಎಂಬ ವಿವರಣೆ ಬೇಕು, ಪ್ರಮಾಣವಾಗಿ ನಿಲ್ಲುವ ಚಿತ್ರ ಬೇಕು, ಆ ಗುಣ ಉಳಿಯುವಂತೆ ಗಿಡವನ್ನು ಹೇಗೆ ವೃದ್ಧಿಸಬೇಕು ಎಂಬ ಸೂಚನೆ ಬೇಕು. ಅದೆಲ್ಲ ಅಚ್ಚಾದ ಮೇಲಷ್ಟೇ ಹೆಸರು ನಿಲ್ಲುತ್ತದೆ. ಇಡೀ ಗಿಡವೇ ರಕ್ತಗೆಂಪಾಗಿರುವ ಫ್ಲೈಟ್ರ್ಯಾಪ್ ತಳಿಯೊಂದು 1996ರಲ್ಲಿ ಈ ಪುಟಗಳಲ್ಲೇ ‘ಅಕಾಯ್ ರ್ಯೂ’ ಎಂದು ದಾಖಲಾಯಿತು. ಜಪಾನೀ ಭಾಷೆಯಲ್ಲಿ ಕೆಂಪು ಡ್ರ್ಯಾಗನ್ ಎಂದರ್ಥ. ಬೆಂಗಳೂರಿನ ಮಹಡಿ ತೋಟದಲ್ಲಿ ಯಾರಾದರೂ ಆ ಗಿಡ ತೋರಿಸಿ ಹೆಸರು ಹೇಳಿದರೆ, ಆ ಹೆಸರಿನ ಬೇರು ಇಲ್ಲಿದೆ.

ಇಷ್ಟು ಪ್ರೀತಿಯೇ ಗಿಡಕ್ಕೆ ಕುತ್ತಾಗುವುದೂ ಉಂಟು. ಫ್ಲೈಟ್ರ್ಯಾಪ್ ಸಹಜವಾಗಿ ಬೆಳೆಯುವುದು ಜಗತ್ತಿನಲ್ಲಿ ಒಂದೇ ಕಡೆ: ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾ ರಾಜ್ಯಗಳ ಕರಾವಳಿ ಬಯಲಲ್ಲಿ. ಕದ್ದು ಕೀಳುವವರ ಕಾಟ ತಾಳಲಾರದೆ ಉತ್ತರ ಕೆರೊಲಿನಾ 2014ರ ಡಿಸೆಂಬರಿನಿಂದ ಅದನ್ನು ಗಂಭೀರ ಅಪರಾಧವಾಗಿ ಮಾಡಿತು. ನಮ್ಮ ಮೇಘಾಲಯದ ನೆಪೆಂಥಿಸ್ ಖಾಸಿಯಾನಾ ಭಾರತದ ಏಕೈಕ ಹೂಜಿ ಗಿಡ. ಗಾರೋ ಜನ ಅದನ್ನು ‘ಮೆಮಾಂಗ್ ಕೋಕ್ಸಿ’, ಅಂದರೆ ಭೂತದ ಬುಟ್ಟಿ ಎನ್ನುತ್ತಾರೆ. ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿರುವ ನೆಪೆಂಥಿಸ್‌ಗಳು ಎರಡೇ; ಒಂದು ಇದು, ಇನ್ನೊಂದು ಬೋರ್ನಿಯೋದ ನೆಪೆಂಥಿಸ್ ರಾಜಾ. ಸಂಘ ನಡೆಸುವ ಬೀಜ ಭಂಡಾರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸದಸ್ಯರು ತಮ್ಮ ಕುಂಡಗಳಲ್ಲಿ ಬಲಿತ ಬೀಜವನ್ನು ದಾನವಾಗಿ ಕಳಿಸುತ್ತಾರೆ, ಬೇಕಾದವರಿಗೆ ಅಲ್ಪ ಬೆಲೆಗೆ ಹೋಗುತ್ತದೆ. ಮನೆಯಲ್ಲಿ ಬೆಳೆದ ಬೀಜ ಸುಲಭವಾಗಿ ಸಿಕ್ಕಿದಷ್ಟೂ ಕಾಡಿನ ಗಿಡ ಕೀಳುವ ಆಸೆ ಕಡಿಮೆ. ಹಳೆಯ ಪುಟದ ಆ ‘ಟಿ’ ಅಕ್ಷರ ಬೆಳೆದು ಪಡೆದ ರೂಪ ಇದು.

ಈ ಪತ್ರಿಕೆ ನನಗೆ ಮಾಡಿದ ನಿಜವಾದ ಉಪಕಾರ ಬೇರೆ. ಫ್ಲೈಟ್ರ್ಯಾಪ್ ಮತ್ತೆ ತರಲಿಲ್ಲ. ಬದಲಿಗೆ ಕರಾವಳಿಯ ಪದವುಗಳನ್ನು ನೋಡುವ ಕಣ್ಣು ಬಂತು. ಪದವು ಎಂದು ಕರೆಯುವ ದಕ್ಷಿಣ ಕನ್ನಡ, ಉಡುಪಿಯ ಈ ಮುರಕಲ್ಲಿನ ಬಯಲುಗಳು ಬೇಸಿಗೆಯಲ್ಲಿ ಕಾದ ಕಾವಲಿ. ಕಂದಾಯದ ಲೆಕ್ಕದಲ್ಲಿ ಬಂಜರು. ಕಲ್ಲು ಕೋರೆಗೆ, ಕಾರ್ಖಾನೆಗೆ, ಬಡಾವಣೆಗೆ ಮೊದಲು ಕಣ್ಣು ಬೀಳುವುದು ಇವುಗಳ ಮೇಲೆ. ಆದರೆ ಮಳೆಗಾಲ ಹದಕ್ಕೆ ಬಂದು, ಕಲ್ಲಿನ ತಗ್ಗುಗಳಲ್ಲಿ ತೆಳುವಾಗಿ ನೀರು ನಿಂತಾಗ, ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ಹುಲ್ಲಿನ ನಡುವೆ ನೀಲಿ ಹಾಸು ಬಿಚ್ಚಿಕೊಳ್ಳುತ್ತದೆ. ಅದು ಯುಟ್ರಿಕ್ಯುಲೇರಿಯಾ. ಗಡಿಯಾಚೆ ಕೇರಳದಲ್ಲಿ ಇದೇ ಕುಲದ ಒಂದು ಹೂವನ್ನು ‘ಕಾಕ್ಕಪ್ಪೂ’ ಎಂದು ಕರೆದು ಓಣಂ ರಂಗೋಲಿಗೆ ಕೊಯ್ಯುತ್ತಾರೆ. ಮೇಲೆ ನೋಡಿದರೆ ಬೆರಳುದ್ದದ ಕಡ್ಡಿ, ತುದಿಯಲ್ಲೊಂದು ಮುದ್ದು ಹೂವು, ಅಷ್ಟೇ. ಬೇಟೆಯೆಲ್ಲ ಕೆಳಗೆ, ನೆನೆದ ಮಣ್ಣಿನಲ್ಲಿ. ಸಾಸಿವೆಗಿಂತ ಸಣ್ಣ ಚೀಲಗಳು ಒಳಗಿನ ನೀರನ್ನು ಹೊರಹಾಕಿ, ಕೆನ್ನೆ ಒಳಗೆಳೆದುಕೊಂಡಂತೆ ಬಿಗಿಯಾಗಿ ಕಾಯುತ್ತವೆ. ಕಣ್ಣಿಗೆ ಕಾಣದ ಜೀವಿಯೊಂದು ಬಾಗಿಲ ಕೂದಲಿಗೆ ತಗುಲಿದರೆ ಸಾಕು, ಬಾಗಿಲು ತೆರೆದು ನೀರಿನೊಂದಿಗೆ ಅದನ್ನು ಒಳಗೆಳೆದುಕೊಳ್ಳುತ್ತದೆ. ನೀರಲ್ಲಿ ತೇಲುವ ಇದರ ಬಂಧುಗಳಲ್ಲಿ ಅಳೆದಾಗ ಈ ಎಳೆತ ಮುಗಿಯಲು ಒಂದು ಸೆಕೆಂಡಿನ ಸಾವಿರದ ಒಂದು ಭಾಗವೂ ಹಿಡಿಯಲಿಲ್ಲ. ಅದೇ ಪದವಿನಲ್ಲಿ ಮಂಡಿಯೂರಿ ಕೂತರೆ ಡ್ರಾಸಿರಾದ ಅಂಟುಹನಿಗಳೂ ಬಿಸಿಲಿಗೆ ಮಿನುಗುವುದು ಕಾಣುತ್ತದೆ.

ಈ ಗಿಡಗಳನ್ನು ಹೆಸರಿಟ್ಟು ಗುರುತಿಸಿದವರಿಗೆ ನಾವು ಋಣಿಗಳು. ಎಂ.ಕೆ. ಜನಾರ್ಥನಂ ಮತ್ತು ಎ.ಎನ್. ಹೆನ್ರಿ ಭಾರತದ ಯುಟ್ರಿಕ್ಯುಲೇರಿಯಾಗಳ ಮೇಲೆ ಬರೆದ ಪುಸ್ತಕವನ್ನು ಭಾರತೀಯ ಸಸ್ಯ ಸರ್ವೇಕ್ಷಣೆ 1992ರಲ್ಲಿ ಹೊರತಂದಿತು. ಅದಕ್ಕೆ ಮುಂಚೆ, ಇಡೀ ಜಗತ್ತಿನ ಯುಟ್ರಿಕ್ಯುಲೇರಿಯಾಗಳನ್ನು ಅಧ್ಯಯನ ಮಾಡಿದ ಕ್ಯೂ ಉದ್ಯಾನದ ಪೀಟರ್ ಟೇಲರ್ 1984ರಲ್ಲಿ ನಮ್ಮ ಪಶ್ಚಿಮ ಘಟ್ಟದ ಸೀಮೆಯ ಒಂದು ಪುಟ್ಟ ಗಿಡಕ್ಕೆ ಯುಟ್ರಿಕ್ಯುಲೇರಿಯಾ ಸೆಸಿಲಿಯೈ ಎಂದು ಹೆಸರಿಟ್ಟರು. ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಗ್ರಂಥವಾಗಿ ದಾಖಲಿಸಿದ, ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ ಅವರ ಹೆಸರು ಅದರಲ್ಲಿದೆ. ಒಂದೇ ಮಳೆಗಾಲ ಬದುಕುವ ಗಿಡ ಅದು. ಮಳೆ ನಿಂತು ಕಲ್ಲು ಒಣಗುವಷ್ಟರಲ್ಲಿ ಹೂ ಬಿಟ್ಟು, ಕಾಯಿ ಕಟ್ಟಿ, ಧೂಳಿನಷ್ಟು ಸಣ್ಣ ಬೀಜಗಳನ್ನು ಮುರಕಲ್ಲಿನ ಬಿರುಕಿಗೆ ಉದುರಿಸಿ ಹೋಗುತ್ತದೆ.