ಏರ್ ಇಂಟೇಕ್ ಬದಲಿಸೋ ಮುಂಚೆ ಧೂಳಿನ ಲೆಕ್ಕ ಹಾಕಿ

ಕಾರಿನ ಕಂಪನಿ ಏರ್ ಬಾಕ್ಸ್ ತೆಗೆಸಿ ಕೋನ್ ಫಿಲ್ಟರ್ ಹಾಕಿಸಿದ್ರೆ ಸೌಂಡ್ ಜೋರಾಗುತ್ತೆ, ನಿಜ. ಪವರ್? ಬಾನೆಟ್ ಒಳಗೆ ತೆರೆದಿಟ್ಟ ಫಿಲ್ಟರ್ ಇಂಜಿನ್ನಿನ ಬಿಸಿಗಾಳಿಯನ್ನೇ ಎಳೆಯುತ್ತೆ. ಬಿಸಿಗಾಳಿ ತೆಳು, ಅದರಲ್ಲಿ ಆಕ್ಸಿಜನ್ ಕಡಿಮೆ. ಹಾಗಾಗಿ ಪವರ್ ಇಳಿಯಲೂಬಹುದು.

ಇನ್ನು ನಮ್ಮ ಬಳಗಾನೂರು, ಸಿಂಧನೂರು ಕಡೆ ಭತ್ತದ ಕಟಾವು ಅಂದ್ರೆ ರಸ್ತೆ ತುಂಬ ಧೂಳು, ಹೊಟ್ಟು. ಕಳಪೆ ಫಿಲ್ಟರ್ ದಾಟಿದ ಧೂಳು ಪಿಸ್ಟನ್ ರಿಂಗ್, ಸಿಲಿಂಡರ್ ಎರಡನ್ನೂ ಸವೆಸುತ್ತೆ. ಆಮೇಲೆ ಇಂಜಿನ್ ಬಿಚ್ಚೋ ಖರ್ಚು!

ಹಾಕಿಸಲೇಬೇಕು ಅಂದ್ರೆ ಮುಚ್ಚಿದ ಬಾಕ್ಸ್ ಇರೋ ಕಿಟ್ ತಗೊಳ್ಳಿ. ಪೈಪಿನ ಕ್ಲ್ಯಾಂಪ್‌ಗಳು ಬಿಗಿಯಾಗಿವೆಯಾ ನೋಡಿ. ಸಣ್ಣ ಸಂದು ಉಳಿದ್ರೂ ಸೋಸದ ಗಾಳಿ ಒಳಗೆ ಹೋಗುತ್ತೆ. ವಾರಂಟಿ ಷರತ್ತು ಮೊದಲೇ ಓದಿ. ಇಲ್ಲಾಂದ್ರೆ ಕಟಾವು ಮುಗಿದ ಮೇಲೆ ಕಂಪನಿಯ ಹೊಸ ಪೇಪರ್ ಫಿಲ್ಟರ್ ಹಾಕಿಸಿ. ಲಾಭ ಅದರಲ್ಲೇ ಜಾಸ್ತಿ.