ಅಂಗಿ ತೊಡಲು ಅರ್ಧ ಗಂಟೆ

ಲಕ್ವ ಹೊಡೆದು ಆಸ್ಪತ್ರೆ ಸೇರಿದ್ದ ನಮ್ಮ ಸೋದರಮಾವ ಮನೆಗೆ ಮರಳಿದಾಗ ಎಲ್ಲರೂ ಕೈಗೂಡಿಸಿದರು. ಒಬ್ಬರು ಅಂಗಿ ತೊಡಿಸಿದರು, ಇನ್ನೊಬ್ಬರು ಅನ್ನ ಕಲಸಿ ತುತ್ತಿಟ್ಟರು. ವಾರದ ಮೇಲೆ ಬಂದ ಆಕ್ಯುಪೇಷನಲ್ ಥೆರಪಿಸ್ಟ್ ಅತ್ತೆಯ ಕೈಯಿಂದ ಅಂಗಿ ಇಸಿದುಕೊಂಡು ಮಾವನ ತೊಡೆಯ ಮೇಲೆ ಹರಡಿದರು. ‘ನೀವೇ ಹಾಕ್ಕೊಳಿ ಸಾರ್, ನಂಗೇನೂ ಅವಸರ ಇಲ್ಲ.’

ಅದಕ್ಕೊಂದು ಉಪಾಯವಿದೆ. ತೊಡುವಾಗ ಸೋತ ಕೈ ಮೊದಲು ತೋಳಿನೊಳಗೆ ಹೋಗಬೇಕು. ಬಿಚ್ಚುವಾಗ ಗಟ್ಟಿ ಕೈ ಮೊದಲು ಹೊರಬರಬೇಕು.

ರಕ್ತನಾಳ ಕಟ್ಟಿಕೊಂಡೋ ಒಡೆದೋ ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಗೈ, ಬಲಗಾಲು ಸೋಲುತ್ತವೆ. ಎಷ್ಟೋ ಸಲ ಮಾತೂ ತೊಡರುತ್ತದೆ. ಸತ್ತ ನರಕೋಶ ಮರಳಿ ಬಾರದು. ಉಳಿದವು ಹೊಸ ಸಂಪರ್ಕ ಬೆಸೆದುಕೊಂಡು ಆ ಕೆಲಸ ಕಲಿಯಬಲ್ಲವು. ಮೊದಲ ಕೆಲವು ತಿಂಗಳು ಈ ಕಲಿಕೆ ಚುರುಕು. ಆದರೆ ಕೈಗೆ ಕೆಲಸವನ್ನೇ ಕೊಡದಿದ್ದರೆ ಕಲಿಯುವುದೇನನ್ನು?

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೌಬ್ ಇದನ್ನು ಮಂಗಗಳಲ್ಲಿ ಕಂಡಿದ್ದರು. ಸ್ಪರ್ಶದ ನರ ಕಡಿದ ತೋಳನ್ನು ಮಂಗ ಬಳಸುವುದನ್ನೇ ಬಿಟ್ಟಿತು. ಒಳ್ಳೆಯ ತೋಳನ್ನು ಕಟ್ಟಿಹಾಕಿದಾಗ ಮತ್ತೆ ಬಳಸಿತು. ಇದೇ ಮುಂದೆ ಮನುಷ್ಯರಿಗೆ ಚಿಕಿತ್ಸೆಯಾಯಿತು: ಗಟ್ಟಿ ಕೈಗೆ ದಪ್ಪ ಕೈಗವಸು ತೊಡಿಸಿ, ಎರಡು ವಾರ ಸೋತ ಕೈಯಿಂದಲೇ ದುಡಿಸುವುದು. ಲಕ್ವವಾಗಿ 3ರಿಂದ 9 ತಿಂಗಳಾಗಿದ್ದ 222 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದರ ಫಲ ವರ್ಷದ ನಂತರವೂ ಉಳಿದಿತ್ತು. ಮಣಿಕಟ್ಟು, ಬೆರಳು ತುಸುವಾದರೂ ಹಿಂದಕ್ಕೆ ಬಾಗುವವರಿಗೆ ಮಾತ್ರ ಇದು ಹೊಂದುತ್ತದೆ.

ಫಿಸಿಯೋಥೆರಪಿಸ್ಟ್ ಎಬ್ಬಿಸಿ ನಿಲ್ಲಿಸಿ ನಡೆಸಿದರೆ, ಆಕ್ಯುಪೇಷನಲ್ ಥೆರಪಿಸ್ಟ್ ಸ್ನಾನ, ಊಟ, ಉಡುಗೆಯತ್ತ ನೋಡುತ್ತಾರೆ. ಮಾವನ ಪಾಠ ನಡೆದದ್ದು ಅಡುಗೆಮನೆಯಲ್ಲಿ. ಚಪಾತಿ ಹಿಟ್ಟು ಅದುಮುವುದು, ತಟ್ಟೆಯ ಕಡಲೆಕಾಳು ಒಂದೊಂದಾಗಿ ಹೆಕ್ಕುವುದು, ಬಟ್ಟೆ ಸುತ್ತಿ ಹಿಡಿ ದಪ್ಪ ಮಾಡಿದ ಚಮಚದಲ್ಲಿ ಉಪ್ಪಿಟ್ಟು ತಿನ್ನುವುದು. ಹಿಡಿದದ್ದನ್ನು ಬಿಡುವುದೇ ಹಿಡಿಯುವುದಕ್ಕಿಂತ ಕಷ್ಟವಾಗಿತ್ತು. ಮಡಚಿದ ಬೆರಳು ಸುಲಭಕ್ಕೆ ಬಿಚ್ಚದು. ಮನೆಯವರಿಗೂ ಒಂದು ತಾಕೀತು ಇತ್ತು: ಸೋತ ಕೈ ಹಿಡಿದೆಳೆದು ಎಬ್ಬಿಸಬೇಡಿ. ಸ್ನಾಯು ಸಡಿಲಾದ ಭುಜದ ಕೀಲು ಜಾರುತ್ತದೆ.

ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಮಾವ ಅರ್ಧ ಗಂಟೆ ಹೆಣಗಿ ಅಂಗಿ ತೊಟ್ಟರು. ಗುಂಡಿಗಳೆಲ್ಲ ಒಂದೊಂದು ಕಾಜ ತಪ್ಪಿ ಕೂತಿದ್ದವು. ಸರಿಮಾಡಲು ಅತ್ತೆಯ ಕೈ ಮುಂದೆ ಬಂತು, ಅರ್ಧದಲ್ಲೇ ನಿಂತಿತು. ‘ಕೈಗವಸು ಇವಳಿಗೆ ಹಾಕಬೇಕಿತ್ತು’ ಎಂದರು ಮಾವ, ಮೇಲಿನ ಗುಂಡಿಯಿಂದ ಮತ್ತೆ ಬಿಚ್ಚತೊಡಗುತ್ತ.