ಬಳ್ಳಿ ಸೊಂಪು, ಗಡ್ಡೆ ಸೊನ್ನೆ

ಸಂಕ್ರಾಂತಿಗೆ ಇನ್ನೊಂದು ವಾರವಿದೆ ಎನ್ನುವಾಗ ಬೆಂಗಳೂರಿನ ಸಾರಕ್ಕಿ, ಬನಶಂಕರಿ ಮಾರುಕಟ್ಟೆಗಳಲ್ಲಿ ಅವರೆಕಾಯಿ, ಕಬ್ಬು, ಹಸಿ ಕಡಲೆಕಾಯಿಯ ಪಕ್ಕದಲ್ಲೇ ಗೆಣಸಿನ ರಾಶಿಯೂ ಬೀಳುತ್ತದೆ. ಹಬ್ಬದ ದಿನ ಬೇಯಿಸಿ ಎಳ್ಳು-ಬೆಲ್ಲದ ಜತೆ ತಿಂದದ್ದಾಯಿತು, ಮತ್ತೆ ಮುಂದಿನ ವರ್ಷವೇ ಅದರ ನೆನಪು. ಅಂಥ ಗೆಣಸು ಈಗ ಸುಬ್ರಹ್ಮಣ್ಯಪುರ, ಉತ್ತರಹಳ್ಳಿ, ವಸಂತಪುರದ ಕಡೆ ಮೂವತ್ತು-ನಲವತ್ತು ಸೈಟಿನ ಮನೆಗಳ ತಾರಸಿ ಹತ್ತಿದೆ. ಪ್ಯಾರಾಪೆಟ್ ಗೋಡೆಯಿಂದ ಬೀದಿಯ ಕಡೆಗೆ ಇಳಿಬಿದ್ದ ಹೃದಯಾಕಾರದ ಎಲೆಗಳನ್ನು ಕಂಡು ಎಷ್ಟೋ ಜನ ಅದನ್ನು ಅಲಂಕಾರದ ಬಳ್ಳಿ ಎಂದುಕೊಳ್ಳುತ್ತಾರೆ. ತಪ್ಪೇನಿಲ್ಲ. ಬೇಲಿಯ ಮೇಲೆ ನೀಲಿ ಹೂ ಬಿಡುವ ಮಾರ್ನಿಂಗ್ ಗ್ಲೋರಿಯ ಕುಟುಂಬಕ್ಕೇ ಗೆಣಸೂ ಸೇರಿದ್ದು. ಆಲೂಗಡ್ಡೆಗೂ ಇದಕ್ಕೂ ಹತ್ತಿರದ ನೆಂಟಸ್ತಿಕೆಯಿಲ್ಲ.

ಬೆಂಗಳೂರಿಗೆ ತಾರಸಿ ತೋಟದ ಹುಚ್ಚು ಹಿಡಿಸಿದವರಲ್ಲಿ ಕೃಷಿ ವಿಜ್ಞಾನಿ ಬಿ.ಎನ್. ವಿಶ್ವನಾಥ್ ಅವರ ಹೆಸರು ಮೊದಲು ಬರುತ್ತದೆ. 2011ರಲ್ಲಿ ಆರಂಭವಾದ ‘ಊಟ ಫ್ರಮ್ ಯುವರ್ ತೋಟ’ ಸಂತೆಗಳಿಂದ ಬೀಜ, ಗೊಬ್ಬರ, ಸಲಹೆ ಎಲ್ಲವೂ ಒಂದೇ ಕಡೆ ಸಿಗುವಂತಾಯಿತು. ಟೊಮೆಟೊ, ಬದನೆ, ಸೊಪ್ಪು ಬೆಳೆದು ಕೈ ಪಳಗಿದವರು ಗೆಣಸಿಗೂ ಅದೇ ಉಪಚಾರ ಮಾಡುತ್ತಾರೆ. ಎರೆಗೊಬ್ಬರ, ವಾರಕ್ಕೊಮ್ಮೆ ಜೀವಾಮೃತ, ದಿನಕ್ಕೆರಡು ಸಲ ನೀರು. ಬಳ್ಳಿ ತಾರಸಿಯೆಲ್ಲ ಹಬ್ಬುತ್ತದೆ. ನಾಲ್ಕು ತಿಂಗಳಾದ ಮೇಲೆ ಚೀಲ ಬುಡಮೇಲು ಮಾಡಿದರೆ ಸಿಗುವುದು ಕಿರುಬೆರಳು ಗಾತ್ರದ ಬೇರು. ‘ಬಳ್ಳಿ ನೋಡಿದ್ರೆ ಕಾಡು ಇದ್ದಂಗಿತ್ತು ಕಣ್ರೀ, ಕೆಳಗೆ ಏನೂ ಇಲ್ಲ’ ಎಂಬುದು ಗೆಣಸು ಹಾಕಿದವರ ಬಾಯಲ್ಲಿ ಮಾಮೂಲಿ ದೂರು.

ಮುದ್ದು ಮಾಡಿದ್ದೇ ಇಲ್ಲಿ ಕೆಟ್ಟದ್ದು. ಸಾರಜನಕ ಹೆಚ್ಚಾದರೆ ಗೆಣಸು ಎಲೆ ಮಾಡುತ್ತದೆ, ಗಡ್ಡೆ ಕಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ಹಗುರವಾದ, ನೀರು ನಿಲ್ಲದ ಮಣ್ಣು, ಮಿತವಾದ ಗೊಬ್ಬರ, ಒಂದಿಷ್ಟು ಪೊಟ್ಯಾಷ್. ಬೆಂಗಳೂರಿನ ಕೆಂಪು ಮಣ್ಣಿಗೆ ಮರಳು, ಸ್ವಲ್ಪ ಕೊಕೊಪೀಟ್, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಮೇಲೊಂದು ಹಿಡಿ ಸೌದೆ ಬೂದಿ ಹಾಕಿದರೆ ಧಾರಾಳವಾಯಿತು. ಚೀಲ ಒಂದಡಿಗಿಂತ ಆಳವಿರಬೇಕು, ಬಾಯಿ ಅಗಲವಾಗಿರಬೇಕು.

ನಾಟಿಗೆ ಬೀಜ ಬೇಡ. ಚೆನ್ನಾಗಿರುವ ಗಡ್ಡೆಯೊಂದನ್ನು ಒದ್ದೆ ಮರಳಿನಲ್ಲಿ ಅರ್ಧ ಹೂತಿಟ್ಟರೆ ಕೆಲವು ವಾರಗಳಲ್ಲಿ ಕುಡಿ ಒಡೆಯುತ್ತದೆ. ಕುಡಿ ಗೇಣುದ್ದ ಬೆಳೆದಾಗ ಮೂರು-ನಾಲ್ಕು ಗೆಣ್ಣು ಬರುವಂತೆ ಕತ್ತರಿಸಿ, ಎರಡು ಗೆಣ್ಣಾದರೂ ಮಣ್ಣೊಳಗೆ ಹೋಗುವಂತೆ ಊರಬೇಕು. ಕತ್ತರಿಸಿದ ಕಡೆ ಬಿಳಿ ಹಾಲು ಜಿನುಗಿ ಕೈಗೆ ಅಂಟುತ್ತದೆ, ಒಣಗಿದರೆ ಕಪ್ಪಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದರೆ ಹೋಗುತ್ತದೆ. ಸಂಕ್ರಾಂತಿಗೆ ಸ್ವಂತ ಗೆಣಸು ಬೇಕೆಂದರೆ ಗೌರಿ-ಗಣೇಶ ಹಬ್ಬದ ಹೊತ್ತಿಗೆ ನೆಟ್ಟಿರಬೇಕು. ಮೂರೂವರೆ-ನಾಲ್ಕು ತಿಂಗಳ ಬೆಳೆ, ಡಿಸೆಂಬರಿನ ಚಳಿಗೆ ಬೆಳವಣಿಗೆ ಇನ್ನಷ್ಟು ನಿಧಾನ.

ಮೊದಲ ತಿಂಗಳು ಮಣ್ಣಿನ ಪಸೆ ಆರಬಾರದು. ಯಾವ ಬೇರು ಗಡ್ಡೆಯಾಗಬೇಕು ಎಂಬುದು ಹೆಚ್ಚುಕಡಿಮೆ ಆಗಲೇ ತೀರ್ಮಾನವಾಗುತ್ತದೆ. ಆಮೇಲೆ ನೀರು ಹಿತಮಿತ. ಕೀಳುವ ಎರಡು ವಾರ ಮುಂಚೆ ಪೂರ್ತಿ ನಿಲ್ಲಿಸಬೇಕು. ಒಣಗಿದ ಮಣ್ಣಿಗೆ ದಿಢೀರನೆ ನೀರು ಬಿಟ್ಟರೆ ಗಡ್ಡೆ ಸೀಳುತ್ತದೆ. ನೆಲ ತಾಗಿದ ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಡುವುದರಿಂದ ಆಗಾಗ ಎತ್ತಿ ಮಗುಚಿ ಹಾಕುವುದು ಹೊಲದವರ ರೂಢಿ. ಅಂಗಳದಲ್ಲಿ ಬೆಳೆಯುವವರಿಗೆ ಹೆಗ್ಗಣದ ಕಾಟ ತಪ್ಪಿದ್ದಲ್ಲ, ಆ ಮಟ್ಟಿಗೆ ತಾರಸಿಯೇ ವಾಸಿ. ಆದರೆ ಮೂತಿಹುಳು ತಾರಸಿಯನ್ನೂ ಬಿಡುವುದಿಲ್ಲ. ಬುಡ ಬಿರುಕು ಬಿಟ್ಟಲ್ಲಿಂದ ಅದು ಒಳಗೆ ಇಳಿಯುತ್ತದೆ, ಹಾಗಾಗಿ ಬುಡಕ್ಕೆ ಮಣ್ಣು ಏರಿಸುತ್ತಿರಬೇಕು. ಹುಳು ಕೊರೆದ ಗೆಣಸು ಎಷ್ಟು ಬೇಯಿಸಿದರೂ ಕಹಿ. ಆ ಭಾಗ ಕೆತ್ತಿ ಉಳಿದದ್ದನ್ನು ತಿನ್ನುವ ಉಳಿತಾಯ ಬೇಡ, ದನಕ್ಕೂ ಹಾಕಬೇಡಿ.

ರಾಜ್ಯದಲ್ಲಿ ಗೆಣಸಿನ ದೊಡ್ಡ ಬೆಳೆ ಇರುವುದು ಬೆಳಗಾವಿ ಸೀಮೆಯಲ್ಲಿ. ಅಲ್ಲಿನ ಎಪಿಎಂಸಿಯಿಂದ ಹೊರರಾಜ್ಯಗಳಿಗೆ ಲಾರಿಗಟ್ಟಲೆ ಹೋಗುತ್ತದೆ, ಏಕಾದಶಿ-ಶಿವರಾತ್ರಿಯ ಉಪವಾಸಕ್ಕೆ ಬೇಡಿಕೆ ಜಾಸ್ತಿ. ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದ ಗಡ್ಡೆ ನಮ್ಮ ಉಪವಾಸದ ಎಲೆಗೆ ಮಡಿಯಾಗಿ ಕೂತದ್ದು ನನಗೆ ಯಾವತ್ತೂ ತಮಾಷೆಯಾಗಿ ಕಾಣುತ್ತದೆ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಕೆಂಪು ಸಿಪ್ಪೆಯ ಬಿಳಿ ತಿರುಳಿನದು. ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯು ಕಿತ್ತಳೆ ತಿರುಳಿನ ‘ಭೂ ಸೋನಾ’, ನೇರಳೆ ತಿರುಳಿನ ‘ಭೂ ಕೃಷ್ಣ’ ತಳಿಗಳನ್ನು ಕೊಟ್ಟಿದೆ. ಕಿತ್ತಳೆ ತಿರುಳಿನಲ್ಲಿ ದೇಹವು ಎ ಜೀವಸತ್ವ ಮಾಡಿಕೊಳ್ಳುವ ಬೀಟಾ ಕ್ಯಾರೋಟಿನ್ ಯಥೇಚ್ಛ, ಬಿಳಿಯದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅಂಥ ಗೆಣಸನ್ನು ಆಫ್ರಿಕಾದ ಮಕ್ಕಳ ತಟ್ಟೆಗೆ ತಲುಪಿಸಿದ ವಿಜ್ಞಾನಿಗಳಿಗೆ 2016ರ ವಿಶ್ವ ಆಹಾರ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತ್ತು. ತಾರಸಿಯಲ್ಲಿ ಬೆಳೆಯುವುದೇ ಆದರೆ ಕಿತ್ತಳೆ ಬಣ್ಣದ್ದನ್ನೇ ಹುಡುಕಿ ನೆಡುವುದು ಜಾಣತನ, ರುಚಿಯಲ್ಲಿ ಬಿಳಿಯದೇ ನನಗೆ ಮೇಲೆನಿಸಿದರೂ.

ಇನ್ನು ಅಡುಗೆಮನೆ. ಕಿತ್ತ ದಿನವೇ ಬೇಯಿಸಿದರೆ ಗೆಣಸು ಸಪ್ಪೆ. ಮಣ್ಣು ಕೊಡವಿ, ತೊಳೆಯದೆ, ಬೆಚ್ಚಗಿನ ನೆರಳಲ್ಲಿ ವಾರ ಹತ್ತು ದಿನ ಇಟ್ಟರೆ ಗಾಯ ಮಾಯ್ದು ಸಿಪ್ಪೆ ಗಟ್ಟಿಯಾಗುತ್ತದೆ, ಸಿಹಿಯೂ ಏರುತ್ತದೆ. ಫ್ರಿಡ್ಜಿಗೆ ಮಾತ್ರ ಇಡಬಾರದು, ತಣ್ಣಗಾದ ಗೆಣಸಿನ ನಡು ಎಷ್ಟು ಬೇಯಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ.

ಕುಕ್ಕರಿನಲ್ಲಿ ಮೂರು ಸೀಟಿ ಹೊಡೆಸುವ ಅವಸರವೂ ಗೆಣಸಿಗೆ ಒಗ್ಗದು. ಗಡ್ಡೆಯೊಳಗಿನ ಕಿಣ್ವವೊಂದು ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುತ್ತದೆ. ಅದರ ಕೆಲಸ ಜೋರಾಗಿ ನಡೆಯುವುದು ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ನಡುವೆ. ಶಾಖ ನಿಧಾನಕ್ಕೆ ಏರಿದಷ್ಟೂ ಸಿಹಿ. ಹಿಂದೆ ನೀರೊಲೆಯ ಬೂದಿಕೆಂಡದಲ್ಲಿ ಹೂತಿಟ್ಟು ಸುಟ್ಟ ಗೆಣಸಿಗೆ ಇದ್ದ ರುಚಿಯ ಗುಟ್ಟು ಇದೇ. ಗೀಸರ್ ಬಂದ ಮನೆಯಲ್ಲಿ ಇಡ್ಲಿ ಪಾತ್ರೆಯೇ ಗತಿ: ಸಿಪ್ಪೆ ಸಮೇತ ಇಡಿಯಾಗಿಟ್ಟು, ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯಬೇಕು. ಸಿಪ್ಪೆ ಸುಲಿದು ಬಿಸಿಯಿರುವಾಗಲೇ ಮೇಲೊಂದು ಚಮಚ ತುಪ್ಪ. ಸಕ್ಕರೆ ಕಾಯಿಲೆಯವರಿಗೆ ಸುಟ್ಟದ್ದಕ್ಕಿಂತ ನೀರಲ್ಲಿ ಬೇಯಿಸಿದ್ದು ಮೇಲು, ಅದೂ ಅಳತೆಯಲ್ಲಿ.

ಹೋಳಿಗೆ ಮಾಡುವವರು ಬೇಯಿಸಿದ ಗೆಣಸನ್ನು ಕಿವುಚಿ ನಾರನ್ನೆಲ್ಲ ತೆಗೆಯಬೇಕು, ಇಲ್ಲದಿದ್ದರೆ ಲಟ್ಟಿಸುವಾಗ ಕಣಕ ಹರಿಯುತ್ತದೆ. ಎರಡು ಬಟ್ಟಲು ತಿರುಳಿಗೆ ಮುಕ್ಕಾಲು ಬಟ್ಟಲು ಬೆಲ್ಲ ಸಾಕು. ಬೇಳೆ ಹೂರಣಕ್ಕಿಂತ ಇದರಲ್ಲಿ ನೀರಿನಂಶ ಹೆಚ್ಚು, ಆದ್ದರಿಂದ ಬಾಣಲೆಯ ತಳ ಬಿಟ್ಟು ಉಂಡೆಗಟ್ಟುವ ತನಕ ಕೈಬಿಡದೆ ಮಗುಚಬೇಕು. ಖಾರ ಬೇಕಾದವರಿಗೆ ಅವರೆಕಾಳಿನ ಜತೆ ಹುಳಿ ಇದೆ, ಸಾಸಿವೆ-ಉದ್ದಿನಬೇಳೆ ಒಗ್ಗರಣೆಯ ಪಲ್ಯವಿದೆ, ಸಂಜೆಗೆ ಬಜ್ಜಿ ಇದೆ.

ಇಷ್ಟಾದರೂ ಚೀಲದಲ್ಲಿ ಸಿಗುವ ಇಳುವರಿ ಮನೆಮಂದಿಗೆ ಒಂದು ಹೊತ್ತಿನ ಫಲಾಹಾರಕ್ಕೆ ಸರಿಹೋದರೆ ಹೆಚ್ಚು. ತಾರಸಿ ಗೆಣಸಿನ ಅಸಲಿ ಲಾಭ ನನ್ನ ಲೆಕ್ಕದಲ್ಲಿ ಸೊಪ್ಪು. ಎಳೆ ಕುಡಿಗಳನ್ನು ಕಿತ್ತು, ಬೇಯಿಸಿ, ತೊಗರಿಬೇಳೆಯ ಜತೆ ಬಸ್ಸಾರು ಮಾಡಬಹುದು. ಬಸಿದ ಸೊಪ್ಪಿಗೆ ಕಾಯಿತುರಿ ಹಾಕಿದರೆ ಪಲ್ಯ. ಪಾಲಕ್ಕಿಗಿಂತ ಕೊಂಚ ಲೋಳೆ, ವಾಸನೆ ಕಮ್ಮಿ. ಫಿಲಿಪ್ಪೀನ್ಸಿನಲ್ಲಿ ಇದನ್ನು ಸೊಪ್ಪಿನಂಗಡಿಯಲ್ಲೇ ಕಂತೆ ಕಟ್ಟಿ ಮಾರುತ್ತಾರೆ. ಗಡ್ಡೆ ಬೇಕಾದ ಚೀಲದಿಂದ ಮಾತ್ರ ಕುಡಿ ಜಾಸ್ತಿ ಚಿವುಟಬೇಡಿ. ಸೊಪ್ಪಿಗೆಂದೇ ಬೇರೆ ಚೀಲವಿಟ್ಟುಕೊಳ್ಳಿ. ಎರೆಗೊಬ್ಬರ, ಜೀವಾಮೃತ ಎಲ್ಲವನ್ನೂ ಅದಕ್ಕೆ ಸುರಿಯಿರಿ.